ಕೂಗಿದವನಿಗೆ ಕುರ್ಚಿ

ಬಸ್ಸಿನಿಂದ ಇಳಿದು ನಿಲ್ದಾಣದ ನೆಲಕ್ಕೆ ಕಾಲಿಟ್ಟಾಗ ತಲೆಯ ಮೇಲಿನ ಧ್ವನಿವರ್ಧಕದಿಂದ ಬಂದದ್ದು ಅಣ್ಣನ ದನಿಯಲ್ಲ. ಯಾರೋ ಹೆಂಗಸಿನ ದನಿ. ಹೆಂಗಸಿನದೂ ಅಲ್ಲ, ಯಂತ್ರದ್ದು. ಊರಿನ ಹೆಸರನ್ನು ಒಂದು ಕಡೆಯಿಂದ, ಹೊರಡುವ ಹೊತ್ತನ್ನು ಇನ್ನೊಂದು ಕಡೆಯಿಂದ ತಂದು ಅಂಟಿಸಿದ ಹಾಗಿತ್ತು, ನಡುವೆ ಉಸಿರು ಎಂಬುದೇ ಇಲ್ಲ. ಅದನ್ನು ಕೇಳಿದ ತಕ್ಷಣ ಅವನಿಗೆ ಆದದ್ದು ನಿರಾಳ, ಮತ್ತು ನಿರಾಳವಾಯಿತಲ್ಲ ಎಂಬ ನಾಚಿಕೆ ಅದರ ಬೆನ್ನಿಗೇ ಬಂತು. ಅಣ್ಣ ನಿವೃತ್ತನಾಗಿದ್ದಾನೆ, ಅವನ ಕುರ್ಚಿ ಎತ್ತಿಸಿ ಆ ಜಾಗದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದಾರೆ ಎಂದು ಫೋನಿನಲ್ಲಿ ಕೇಳಿದ್ದನೇ ಹೊರತು ಆ ದನಿಯಿಲ್ಲದ ನಿಲ್ದಾಣವನ್ನು ಅವನು ಕಂಡಿರಲಿಲ್ಲ. ಈಗ ಕಂಡಾಗ, ತಾನು ಊರೂರು ತಿರುಗಿ ಹೇಳಿಕೊಂಡು ಬಂದದ್ದಕ್ಕೆ ಈ ನಿಲ್ದಾಣವೇ ಎದ್ದು ನಿಂತು ಹೌದು ಎಂದು ಸಾಕ್ಷಿ ನುಡಿದ ಹಾಗಾಯಿತು. ಚೀಲದ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಒಂದು ಗಳಿಗೆ ಅಲ್ಲೇ ನಿಂತ.

ಮಾತಾಡುವುದು ಅವನ ಕಸುಬು. ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜುಗಳಲ್ಲಿ, ಒಮ್ಮೆ ಒಂದು ಜೈಲಿನಲ್ಲಿ ಕೂಡ, 'ಬದುಕಿಗೊಂದು ಗುರಿ' ಎಂಬ ಒಂದೇ ಭಾಷಣವನ್ನು ಅಂಗಿ ಬದಲಾಯಿಸಿದಂತೆ ಬದಲಾಯಿಸಿ ಮಾಡುತ್ತ ಬಂದಿದ್ದಾನೆ. ಆ ಭಾಷಣಕ್ಕೊಂದು ಹೊಟ್ಟೆಯಿದೆ. ಆ ಹೊಟ್ಟೆಯಲ್ಲಿ ಅಣ್ಣ ಕೂತಿದ್ದಾನೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಜೀವಮಾನವಿಡೀ ಊರುಗಳ ಹೆಸರು ಕೂಗಿ, ಒಂದೇ ಒಂದು ಬಸ್ಸನ್ನೂ ಹತ್ತದ ಅಣ್ಣ. 'ಹತ್ತಿದವನಿಗೆ ಊರು, ಕೂಗಿದವನಿಗೆ ಕುರ್ಚಿ!' ಈ ಮಾತು ಬಂದಾಗ ಜನ ಮೊದಲು ನಗುತ್ತಾರೆ, ಆಮೇಲೆ ತಂತಮ್ಮ ಕುರ್ಚಿ ನೆನಪಾಗಿ ಸುಮ್ಮನಾಗುತ್ತಾರೆ. ಒಂದು ಕಂಪನಿಯವರು ಅದನ್ನು ಚೀಲದ ಮೇಲೆ ಅಚ್ಚು ಹಾಕಿಸಿ ಹಂಚಿದ್ದರು. ಶುರುವಿನಲ್ಲಿ ಕಥೆ ಇಷ್ಟೇ ಇತ್ತು. ಒಂದು ಮಧ್ಯಾಹ್ನ, ಊಟದ ನಂತರದ ಸಭೆ, ಎದುರಿಗೆ ಕೂತವರೆಲ್ಲ ಆಕಳಿಸುತ್ತಿದ್ದರು. ಏನು ಹೇಳಿದರೂ ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ. ಆಗ, ಬೇಕೆಂದಲ್ಲ, ಬಾಯಿಗೆ ಬಂತು: ಅಣ್ಣ ಸತ್ತ. ಮೈಕು ಕೈಯಲ್ಲಿದ್ದ ಹಾಗೇ ಕುಸಿದ, ನನ್ನ ತೋಳಿನಲ್ಲೇ ಪ್ರಾಣ ಬಿಟ್ಟ. ಸಭೆ ದಿಗ್ಗನೆ ಎಚ್ಚರವಾಯಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಒಮ್ಮೆ ಕೊಂದ ಮೇಲೆ ಬದುಕಿಸುವುದು ಹೇಗೆ? ಅಂದಿನಿಂದ ಅಣ್ಣ ಪ್ರತಿ ಊರಿನಲ್ಲೂ ಸಾಯುತ್ತಲೇ ಇದ್ದ, ಮತ್ತು ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಚೆನ್ನಾಗಿ ಸಾಯುತ್ತಿದ್ದ.

ತೊಂದರೆಯೆಂದರೆ ಅಣ್ಣ ಸತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಲ್ದಾಣದ ಕಂಬಕ್ಕೆ ಒರಗಿಕೊಂಡು ಇವನತ್ತ ಕೈಯೆತ್ತಿದ.

"ಪುಟ್ಟಾ! ಇಲ್ಲಿದೀನಿ. ನೋಡ್ದೇ ಇರೋನ ಹಾಗೆ ನಿಂತ್ಬಿಟ್ಯಲ್ಲೋ."

ಐವತ್ತು ದಾಟಿದ, ಕೂದಲಿಗೆ ಬಣ್ಣ ಹಚ್ಚುವ ಮನುಷ್ಯನನ್ನು ಪುಟ್ಟ ಎನ್ನುವ ಹಕ್ಕು ಈಗ ಉಳಿದಿದ್ದದ್ದು ಈ ಒಂದು ಬಾಯಿಗೆ. ಅಣ್ಣ ಚೀಲ ಕಸಿದುಕೊಂಡ. ಇಬ್ಬರೂ ನಡೆಯತೊಡಗಿದರು. ಚಹಾದ ಅಂಗಡಿಯವನು, ಚಪ್ಪಲಿ ಹೊಲಿಯುವವನು, ಗಾಡಿ ಒರೆಸುತ್ತಿದ್ದ ಡ್ರೈವರು, ಎಲ್ಲರೂ 'ಮೈಕಣ್ಣ, ಮೈಕಣ್ಣ' ಎಂದು ಕರೆದು ಮಾತಾಡಿಸುವವರೇ. ಊರಿನ ನಾಯಿಗೂ ಗುರುತು ಸಿಗುವ ದನಿ ಅದು. ಇಂಥ ಊರಿನಲ್ಲಿ ಭಾಷಣಕ್ಕೆ ಒಪ್ಪಿಕೊಂಡದ್ದೇ ತಪ್ಪು ಎಂದು ಅವನಿಗೆ ಗೊತ್ತಿತ್ತು; ಒಲ್ಲೆ ಎನ್ನಲು ಕಾರಣ ಕೊಡಬೇಕಾಗುತ್ತದೆ ಎಂಬುದಕ್ಕಾಗಿ ಒಪ್ಪಿಕೊಂಡಿದ್ದ. ಅಣ್ಣನಿಗೆ ಮಂಡಿನೋವು, ಸಭೆಗೆ ಬರುವುದಿಲ್ಲ; ಬರದಿದ್ದರೂ ಆ ಕಥೆಯನ್ನು ಬಿಟ್ಟು, ಬೆಟ್ಟ ಹತ್ತಿದ ಕುಂಟನ ಕಥೆ ಹೇಳಿ ಮುಗಿಸಿದರಾಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ.

"ಮಂಡಿ ಹೇಗಿದೆ?" ಎಂದು ಕೇಳಿದ.

"ಮಂಡಿ ಹಾಳಾಗ್ಲಿ. ಸಂಜೆ ನಿರೂಪಣೆ ಯಾರು ಗೊತ್ತಾ? ನಾನೇ! ಗ್ರಂಥಾಲಯದ ಕಾರ್ಯದರ್ಶಿ ಮನೆಗೇ ಬಂದಿದ್ರು. 'ಮೈಕಣ್ಣ, ನೀವೇ ಮಾಡ್ಬೇಕು, ನಿಮ್ಮ ದನಿ ಕೇಳಿ ಎಷ್ಟು ದಿನ ಆಯ್ತು' ಅಂದ್ರು. ಪೆಟ್ಟಿಗೆ ದನಿ ಕೇಳಿ ಕೇಳಿ ಜನಕ್ಕೂ ಸಾಕಾಗಿದೆ ಕಣೋ."

ದಾರಿಯುದ್ದಕ್ಕೂ ಹಾಕಿದ ಲೆಕ್ಕ ಅವನಿಗೆ ಅಲ್ಲೇ ತಪ್ಪಿತು. "ಒಳ್ಳೇದಾಯ್ತಲ್ಲ," ಎಂದ.

ಮನೆ ಎರಡು ಕೋಣೆಯದು, ಬಸ್ಸು ರಿಪೇರಿ ಮಾಡುವ ಶೆಡ್ಡಿನ ಹಿಂದೆ. ಗೋಡೆಗಳಿಗೆ ಡೀಸೆಲ್ಲಿನ ವಾಸನೆ ಹಿಡಿದು ಹೋಗಿದೆ. ಆ ವಾಸನೆಗೇ ಅಣ್ಣನಿಗೆ ಹಿಂದೆ ಹೊಟ್ಟೆ ತೊಳಸುತ್ತಿತ್ತು. ಹೌದು, ಅಣ್ಣ ಬಸ್ಸು ಹತ್ತದೇ ಇದ್ದುದಕ್ಕೆ ಇದ್ದ ಕಾರಣ ಇಷ್ಟೇ: ಹತ್ತಿದರೆ ವಾಂತಿಯಾಗುತ್ತಿತ್ತು. ಭಯವಲ್ಲ, ಸೋಮಾರಿತನವಲ್ಲ, ಗುರಿಯಿಲ್ಲದ ಬದುಕಲ್ಲ. ಒಂದು ಹಾಳು ಹೊಟ್ಟೆ. ಚಿಕ್ಕಂದಿನಲ್ಲಿ ಸೋದರಮಾವನ ಊರಿಗೆ ಇಬ್ಬರೇ ಹೊರಟಿದ್ದಾಗ ಅಣ್ಣ ಎರಡು ಸಲ ತಡೆದುಕೊಂಡು ಮೂರನೆಯ ಸಲ ತಡೆಯಲಾರದೆ ಎದುರಿನ ಸೀಟಿನ ಬೆನ್ನಿಗೆ ಕಕ್ಕಿಬಿಟ್ಟಿದ್ದ. ಕಂಡಕ್ಟರು ಬಂದು, "ಯಾರ ಕಡೆ ಹುಡುಗ ಇವನು?" ಎಂದು ಕಿರುಚಿದಾಗ ಇವನು ಮೆಲ್ಲಗೆ ಎದ್ದು ಹೋಗಿ ಯಾರೋ ಮುದುಕಿಯ ಪಕ್ಕ ಕೂತು ಕಿಟಕಿಯ ಹೊರಗೆ ನೋಡತೊಡಗಿದ್ದ. ಅಣ್ಣ ತನ್ನ ಅಂಗಿ ಬಿಚ್ಚಿ, ಅದರಲ್ಲೇ ಸೀಟು ಒರೆಸಿ, ಉಳಿದ ದಾರಿಯೆಲ್ಲ ಬರಿಮೈಯಲ್ಲಿ ನಿಂತು ಬಂದ. ಇಳಿದ ಮೇಲೆ ಏನೂ ಕೇಳಲಿಲ್ಲ. ವಾಂತಿಯ ಮಾತನ್ನು ಇವನು ಯಾವ ಭಾಷಣದಲ್ಲೂ ಎತ್ತಿದವನಲ್ಲ. ವಾಂತಿಯಿಂದ ನೀತಿ ಹುಟ್ಟುವುದಿಲ್ಲ.

ಅತ್ತಿಗೆ ಚಹಾ ತಂದುಕೊಟ್ಟು, "ಏನಪ್ಪಾ, ಕಾಲಿಗೆ ಚಕ್ರ ಕಟ್ಕೊಂಡೋನು, ಈ ಸಲನಾದ್ರೂ ಎರಡು ದಿನ ಇರ್ತೀಯೋ ಇಲ್ಲ ಬಾಗಿಲಲ್ಲೇ ತಿರುಗ್ತೀಯೋ?" ಎಂದಳು.

"ನಾಳೆ ಬೆಳಿಗ್ಗೆ ಹೊರಡಬೇಕು ಅತ್ತಿಗೆ. ಇನ್ನೊಂದು ಊರಲ್ಲಿ ಕಾರ್ಯಕ್ರಮ."

"ಅದೇ ಅಂದ್ಕೊಂಡೆ. ದೇಶಕ್ಕೆಲ್ಲ ಹೇಗೆ ಬದುಕ್ಬೇಕು ಅಂತ ಹೇಳ್ಕೊಡೋದು, ಮನೇಲಿ ಒಂದು ರಾತ್ರಿ ಬದುಕೋಕೆ ಪುರುಸೊತ್ತಿಲ್ಲ."

ಅವನು ನಕ್ಕ. ನಗುತ್ತ ಕಣ್ಣು ಎತ್ತಿದಾಗ ಎದುರಿನ ಗಾಜಿನ ಕಪಾಟಿನಲ್ಲಿ ಅಮ್ಮನ ಕನ್ನಡಕ ಕಂಡಿತು. ಒಂದು ಕಡ್ಡಿಗೆ ದಾರ ಸುತ್ತಿದ ಅದೇ ದಪ್ಪ ಗಾಜಿನ ಕನ್ನಡಕ. ಅಮ್ಮ ತೀರಿಕೊಂಡ ದಿನ ಅವನು ದೂರದ ಊರಿನಲ್ಲಿದ್ದ. ಬೆಳಿಗ್ಗೆಯೇ ಅಣ್ಣ ಫೋನು ಮಾಡಿ, 'ಕೇಳ್ತಾ ಇದಾಳೆ, ಬಂದ್ಬಿಡು' ಎಂದಿದ್ದ; ಸಂಜೆ ಭಾಷಣವಿತ್ತು, ಟಿಕೆಟ್ಟು ಮಾರಾಟವಾಗಿತ್ತು, ಮುಗಿಸಿ ಹೊರಡುತ್ತೇನೆ ಎಂದ. ಮುಗಿಸಿದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋನು ನೋಡಿಕೊಂಡಾಗ ಎಲ್ಲ ಆಗಿಹೋಗಿತ್ತು. ಆಮೇಲೆ ಅಣ್ಣ ಹೇಳಿದ್ದ: ಕೊನೆಗೆ ಅಮ್ಮ ಹಾಸಿಗೆಯ ಮೇಲೆ ಕೈಯಾಡಿಸುತ್ತ, 'ಕನ್ನಡಕ ಕೊಡೋ' ಎಂದಳಂತೆ. 'ಯಾಕಮ್ಮ?' ಎಂದರೆ, 'ಯಾರು ಬಂದ್ರು ನೋಡ್ಬೇಕು' ಎಂದಳಂತೆ. ಅಣ್ಣ ತೊಡಿಸಿದನಂತೆ. ಬಾಗಿಲಿನ ಕಡೆ ನೋಡುತ್ತಲೇ ಹೋದಳಂತೆ. ಅಣ್ಣ ಅದನ್ನು ದೂರಿನ ಹಾಗೆ ಹೇಳಿರಲಿಲ್ಲ, ಆದದ್ದು ಆದ ಹಾಗೆ ಹೇಳಿದ್ದ. ಇವನು ಫೋನಿನ ಈ ತುದಿಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ಅತ್ತಿದ್ದು ಸುಳ್ಳಲ್ಲ. ಆದರೆ ಮುಂದಿನ ತಿಂಗಳ ಭಾಷಣದಲ್ಲಿ, ಸಾಯುತ್ತಿದ್ದ ಅಣ್ಣ ಇವನ ತೋಳಿನಲ್ಲಿ ತಲೆಯಿಟ್ಟು, 'ಕನ್ನಡಕ ಕೊಡೋ' ಎಂದ. 'ಯಾಕಣ್ಣ?' ಎಂದು ಇವನು ಕೇಳಿದ. 'ಬಸ್ಸಿನ ಬೋರ್ಡು ಓದ್ಬೇಕು. ಈಗಲಾದ್ರೂ ಹತ್ತಬೇಕು' ಎಂದು ಅಣ್ಣ ಪ್ರಾಣ ಬಿಟ್ಟ. ಆ ದಿನ ಸಭಾಂಗಣದಲ್ಲಿ ಅಳದವರು ಯಾರೂ ಇರಲಿಲ್ಲ.

"ಚಹಾ ಆರಿಹೋಗುತ್ತೆ," ಎಂದಳು ಅತ್ತಿಗೆ.

ಗ್ರಂಥಾಲಯದ ಮೇಲಿನ ಸಭಾಂಗಣ ತುಂಬಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೂ ಹೊರಗೆ ಹೋಗಿ ಹೆಸರು ಮಾಡಿದ ಹಿತ್ತಲ ಗಿಡ ಹೇಗಿದೆ ಎಂದು ನೋಡಲು ಜನ ಬಂದಿದ್ದರು. ವೇದಿಕೆಯ ಎಡಮೂಲೆಯಲ್ಲಿ ಒಂದು ಪುಟ್ಟ ಮೇಜು, ಅದರ ಮೇಲೆ ಎರಡನೆಯ ಮೈಕು, ಅದರ ಹಿಂದೆ ಬಿಳಿ ಅಂಗಿಯ ಅಣ್ಣ. ಅಣ್ಣ ಇವನನ್ನು ಸಭೆಗೆ ಪರಿಚಯಿಸಿದ. ತಮ್ಮ ಎನ್ನಲಿಲ್ಲ, 'ಇಂದಿನ ಅತಿಥಿಗಳು' ಎಂದ. ಮೈಕಿನ ಮುಂದೆ ಸಂಬಂಧವಿಲ್ಲ ಎಂಬುದು ಅಣ್ಣನ ಹಳೆಯ ಕಟ್ಟುಪಾಡು. ಅದನ್ನು ಅಣ್ಣ ಮುರಿದದ್ದು ಒಂದೇ ಸಲ, ಇವನು ಮೊದಲ ಬಾರಿಗೆ ಮನೆ ಬಿಟ್ಟು ಹೊರಟ ದಿನ. ಯಾವ ಬಸ್ಸನ್ನೂ ಎರಡು ಸಲಕ್ಕಿಂತ ಹೆಚ್ಚು ಕೂಗಬಾರದೆಂಬ ನಿಯಮವಿದ್ದರೂ ಇವನ ಬಸ್ಸನ್ನು ಮೂರನೆಯ ಸಲ ಕೂಗಿದ್ದ, ಅದೂ ಬಸ್ಸು ಗೇಟು ದಾಟಿದ ಮೇಲೆ. ಮಾತಾಡುವುದನ್ನು ಇವನಿಗೆ ಕಲಿಸಿದವನೂ ಅಣ್ಣನೇ. ಶಾಲೆ ಬಿಟ್ಟ ಮೇಲೆ ಗಾಜಿನ ಗೂಡಿನಲ್ಲಿ ಕೂರಿಸಿಕೊಂಡು, 'ಮೈಕಿಗೆ ಮುತ್ತು ಕೊಡ್ಬೇಡ. ಒಂದು ಗೇಣು ದೂರ ಇರು. ಉಸಿರು ಪಕ್ಕಕ್ಕೆ ಬಿಡು, ಮಾತು ಮುಂದಕ್ಕೆ ಬಿಡು' ಎಂದು ತೋರಿಸಿಕೊಟ್ಟವನು.

ಅವನು ಶುರು ಮಾಡಿದ. ಹದ ಹತ್ತಲಿಲ್ಲ. ಪ್ರಯಾಣದ ಬಗ್ಗೆ, ಗುರಿಯ ಬಗ್ಗೆ, ನಿಂತ ನೀರು ಕೊಳೆಯುವ ಬಗ್ಗೆ ಹೇಳಿದ. ಎಲ್ಲವೂ ಒಂದು ಬಾಗಿಲಿನತ್ತ ಹೋಗುವ ಮಾತುಗಳು, ಆ ಬಾಗಿಲನ್ನು ಇಂದು ತೆರೆಯುವಂತಿಲ್ಲ. ಬೆಟ್ಟ ಹತ್ತಿದ ಕುಂಟ ಅರ್ಧ ಬೆಟ್ಟದಲ್ಲೇ ಕೂತುಬಿಟ್ಟ. ಮೂರನೆಯ ಸಾಲಿನಲ್ಲಿ ಒಬ್ಬ ಬಾಯಿ ತೆರೆದು ಆಕಳಿಸಿದ, ಮುಚ್ಚಿಕೊಳ್ಳುವ ಸೌಜನ್ಯವನ್ನೂ ತೋರಿಸಲಿಲ್ಲ. ಗಾಬರಿಗೆ ಅವನು ಮೈಕಿನ ಹತ್ತಿರಕ್ಕೆ ಬಾಗಿದ, ದನಿ ಒಡೆದು ಕರಕರ ಎಂದಿತು. ಎಡಗಡೆ ಅಣ್ಣ ಮೇಜಿನ ಅಂಚಿನಲ್ಲಿ ಯಾರಿಗೂ ಕಾಣದ ಹಾಗೆ ಹೆಬ್ಬೆರಳು ಕಿರುಬೆರಳು ಅಗಲಿಸಿ ತೋರಿಸಿದ: ಒಂದು ಗೇಣು. ಅವನು ಹಿಂದೆ ಸರಿದ, ದನಿ ಸರಿಹೋಯಿತು. ಇಷ್ಟು ವರ್ಷವಾದ ಮೇಲೂ ಅಣ್ಣನ ಬೆರಳಿನ ಸನ್ನೆಗೆ ಕುಣಿಯುತ್ತಿದ್ದೇನಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಹೇಗೋ ಮುಗಿಸಿದ. ಚಪ್ಪಾಳೆ ಬಿತ್ತು, ಬಿದ್ದಷ್ಟೇ ಬೇಗ ನಿಂತಿತು. ಗೆದ್ದೆ, ಎಂದುಕೊಂಡ. ಭಾಷಣ ಹಾಳಾಯಿತು, ಹೋಗಲಿ. ಬಿಸಿ ತುಪ್ಪ ಗಂಟಲು ದಾಟಿತು.

"ಯಾರಾದರೂ ಪ್ರಶ್ನೆ ಕೇಳುವವರಿದ್ದರೆ ಕೇಳಬಹುದು," ಎಂದ ಅಣ್ಣ.

ಹಿಂದಿನಿಂದ ಒಬ್ಬ ಹುಡುಗಿ ಎದ್ದಳು. "ನಾನು ಈ ಊರಿಗೆ ಹೊಸಬಳು ಸರ್. ಇಲ್ಲಿನ ಆಸ್ಪತ್ರೇಲಿ ನರ್ಸ್. ಹೋದ ವರ್ಷ ನಾನಿದ್ದ ಊರಿಗೆ ನೀವು ಬಂದಿದ್ರಿ. ಆ ದಿನ ನಿಮ್ಮ ಮಾತು ಕೇಳಿ ನಾನು ಹಳೇ ಕೆಲಸ ಬಿಟ್ಟು, ಮನೇವರನ್ನೆಲ್ಲ ಎದುರು ಹಾಕ್ಕೊಂಡು ಇಲ್ಲಿಗೆ ಬಂದೆ. ನಿಮ್ಮ ತೀರಿಹೋದ ಅಣ್ಣನ ಕಥೆ ಇವತ್ತು ಹೇಳ್ಲೇ ಇಲ್ಲ. ದಯವಿಟ್ಟು ಹೇಳಿ ಸರ್. ಇವರೆಲ್ಲ ಕೇಳ್ಬೇಕು."

ಅವಳ ಮುಖದಲ್ಲಿ ಕಪಟವೇ ಇರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಸಭೆಯ ತಲೆಗಳು ಒಂದೊಂದಾಗಿ ಇವನಿಂದ ಎಡಮೂಲೆಯ ಮೇಜಿನತ್ತ ತಿರುಗಿದವು. ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿಯೇ ಹೆಗಲಿಗೆ ಹೋಗಿ ಶಾಲಿಲ್ಲದ ಕಡೆ ಶಾಲು ಸರಿಪಡಿಸಿತು.

"ಅದು... ಅದು ನಮ್ಮ ದೊಡ್ಡಪ್ಪನ ಮಗ," ಎಂದ.

"ಇಲ್ಲ ಸರ್. ಒಡಹುಟ್ಟಿದೋರು ಅಂದಿದ್ರಿ. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗ್ತಿದ್ದೋರು. ಹತ್ತಿದವನಿಗೆ ಊರು, ಕೂಗಿದವನಿಗೆ ಕುರ್ಚಿ... ಅಂತ."

"ಅಯ್ಯೋ ಶಿವನೇ, ಮೈಕಣ್ಣ ಹೋಗಿದ್ದು ಯಾವಾಗಪ್ಪಾ?" ಎಂದು ಹಿಂದಿನ ಸಾಲಿನಿಂದ ಯಾವನೋ ಕೂಗಿದ. ನಗು ಸಾಲಿನಿಂದ ಸಾಲಿಗೆ ಹರಡಿತು. ಮುಂದಿನ ಸಾಲಿನವರು ಮಾತ್ರ ನಗಲಿಲ್ಲ, ನೆಲ ನೋಡಿದರು. ಹುಡುಗಿಗೆ ಅರ್ಥವಾಗಲಿಲ್ಲ, ತಾನೇನೋ ತಪ್ಪು ಮಾಡಿದೆ ಎಂದು ಅವಳ ಮುಖ ಕೆಂಪಾಯಿತು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಆಗ ಎಡಮೂಲೆಯ ಮೈಕಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ ಸದ್ದಾಯಿತು, ಬಸ್ಸು ಕೂಗುವ ಮೊದಲು ಅಣ್ಣ ತಟ್ಟುತ್ತಿದ್ದ ಹಾಗೆಯೇ.

"ಸಭಿಕರು ಶಾಂತರಾಗಿರಬೇಕು," ಎಂದಿತು ಆ ದನಿ, ಒಂದಿಷ್ಟೂ ಏರಿಳಿಯದೆ. "ಸಭಿಕರೊಬ್ಬರಿಂದ ಕೋರಿಕೆ ಬಂದಿದೆ. ಅತಿಥಿಗಳು ಆ ಕಥೆಯನ್ನು ಹೇಳಬೇಕೆಂದು ವಿನಂತಿ."

ಅವನು ಅಣ್ಣನ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ, ಕೆಲಸದಲ್ಲಿರುವವನ ಮುಖ. ಕೈಮುಗಿದು ಇಳಿದುಬಿಡಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ಎರಡೂ ಅವನಿಗೆ ಹೊಳೆದವು, ಆದರೆ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ. ಎಷ್ಟು ಊರುಗಳಲ್ಲಿ ತುಳಿದ ದಾರಿಯೋ, ನಾಲಿಗೆ ತಾನೇ ನಡೆಯಿತು. ಮೊದಮೊದಲು ಮುಗ್ಗರಿಸಿತು, ಆಮೇಲೆ ಓಡಿತು. ಗಾಜಿನ ಗೂಡು ಬಂತು, ಕುರ್ಚಿ ಬಂತು, ಕುರ್ಚಿಯ ಕಾಲಿಗೆ ಕಟ್ಟಿದ ಹಗ್ಗ ಬಂತು. ಯಾವ ಊರಿನ ಹೆಸರನ್ನೂ ತಪ್ಪದೆ ಹೇಳಬಲ್ಲ, ಯಾವ ಊರಿನ ಬೀದಿಯನ್ನೂ ಕಾಣದ ಬದುಕು ಬಂತು. ಆ ಬದುಕು ಎದುರಿಗೆ ಬಿಳಿ ಅಂಗಿ ತೊಟ್ಟು ಕೂತು ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳುತ್ತಿತ್ತು. ನಾಚಿಕೆಗೇಡಿನ ಸಂಗತಿಯೆಂದರೆ ಅವನು ಅಂದು ಹಿಂದೆಂದೂ ಹೇಳದಷ್ಟು ಚೆನ್ನಾಗಿ ಹೇಳಿದ. ಒಂದು ಗೇಣು ದೂರ ನಿಂತು, ಉಸಿರು ಪಕ್ಕಕ್ಕೆ ಬಿಟ್ಟು. ಅಣ್ಣ ಕುಸಿದಾಗ ಅವನ ದನಿ ನಿಜಕ್ಕೂ ಕುಸಿಯಿತು. ಕಣ್ಣೀರು ಬರಬೇಕಾದ ಕಡೆ ಬಂತು. ಆಕಳಿಸಿದ್ದವನು ಮುಂದಕ್ಕೆ ಬಾಗಿ ಕೂತ. 'ಕನ್ನಡಕ ಕೊಡೋ, ಅಂದ' ಎಂದು ಅವನು ಹೇಳಿದಾಗ ವೈರು ಸುತ್ತುತ್ತಿದ್ದ ಬೆರಳು ನಿಂತಿತು. ಅದನ್ನು ಕಂಡ. ಕಂಡೂ ಮುಂದುವರಿಸಿದ, ಯಾಕೆಂದರೆ ಅಲ್ಲಿ ನಿಲ್ಲಿಸಿದರೆ ಕಥೆ ಕೆಡುತ್ತದೆ.

ಮುಗಿದ ಮೇಲೆ ಚಪ್ಪಾಳೆಯೂ ಇಲ್ಲ, ನಗುವೂ ಇಲ್ಲ. ಅಣ್ಣ ವೈರನ್ನು ಬಿಡಿಸಿ ಮೇಜಿನ ಮೇಲಿಟ್ಟ.

"ಈಗ ವಂದನಾರ್ಪಣೆ. ಮಾಡ್ತಾ ಇರೋದು ತೀರಿಹೋದವರು. ಯಾರೂ ಹೆದರಬಾರದಾಗಿ ವಿನಂತಿ."

ಒಂದು ಕ್ಷಣ ಬಿಟ್ಟು ಸಭಾಂಗಣ ಸ್ಫೋಟಿಸಿತು. ನಕ್ಕರು, ಬೆಂಚು ತಟ್ಟಿದರು, ಕಾರ್ಯದರ್ಶಿ ಕಣ್ಣೊರೆಸಿಕೊಂಡು ನಕ್ಕರು, ಹುಡುಗಿ ಕೂಡ ಬಾಯಿಗೆ ಕೈಯಿಟ್ಟು ನಕ್ಕಳು. ಅಣ್ಣ ತಮ್ಮ ಸೇರಿ ಮಾಡಿದ ತಮಾಷೆ, ಮೊದಲೇ ಮಾತಾಡಿಕೊಂಡಿದ್ದರು ಎಂದು ಎಲ್ಲರೂ ಅಂದುಕೊಂಡರು. ಹಾಗೆ ಅಂದುಕೊಳ್ಳಲಿ ಎಂದೇ ಅಣ್ಣ ಹೇಳಿದ್ದ. ಹೂಗುಚ್ಛ ಕೊಟ್ಟು, ಒಂದು ಫೋಟೋ ತೆಗೆದರು. ಫೋಟೋದಲ್ಲಿ ಅಣ್ಣ ಇವನ ಹೆಗಲ ಮೇಲೆ ಕೈಯಿಟ್ಟಿದ್ದ. ಬೈದಿದ್ದರೆ, ಎದ್ದು ಹೋಗಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಕೂಡ ಆ ಕೈ ಇಷ್ಟು ಭಾರವಾಗುತ್ತಿರಲಿಲ್ಲ.

ಮನೆಗೆ ನಡೆದು ಬರುವಾಗ ಅಣ್ಣ ಹಾಲು ತೆಗೆದುಕೊಳ್ಳಲು ಅಂಗಡಿಯ ಮುಂದೆ ನಿಂತ. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಏನ್ ಮೈಕಣ್ಣ, ಬದುಕಿದೀರಾ?" ಎಂದ ಅಂಗಡಿಯವನು.

"ಸದ್ಯಕ್ಕೆ," ಎಂದ ಅಣ್ಣ. ಹಾಲಿನ ಪೊಟ್ಟಣ ತಣ್ಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿದ.

ಅವನು ಹಿಂದಿನಿಂದ ಬರುತ್ತ ಮಾತು ಹೊಂದಿಸಿಕೊಳ್ಳುತ್ತಿದ್ದ. 'ಅಣ್ಣ, ಅದು ಬರೀ ಕಥೆ.' ಹೊಂದಲಿಲ್ಲ. 'ಅಣ್ಣ, ಅದರಿಂದ ಎಷ್ಟು ಜನಕ್ಕೆ ಒಳ್ಳೇದಾಗಿದೆ ಗೊತ್ತಾ, ಆ ಹುಡುಗೀನೇ ನೋಡು.' ಇದು ಮೊದಲಿನದಕ್ಕಿಂತ ಹೊಲಸಾಗಿತ್ತು. ಎಂಥ ಸಭೆಯಲ್ಲೂ ತಡವರಿಸದ ಬಾಯಿಗೆ ಒಬ್ಬ ಮನುಷ್ಯನ ಬೆನ್ನಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ದೂರದಲ್ಲಿ ನಿಲ್ದಾಣದ ಪೆಟ್ಟಿಗೆ ಯಾವುದೋ ಊರಿನ ಹೆಸರು ಕೂಗಿತು. ಅಣ್ಣ ನಡೆಯುತ್ತಲೇ ಅದನ್ನು ತನ್ನ ದನಿಯಲ್ಲಿ ಮೆಲ್ಲಗೆ ಇನ್ನೊಮ್ಮೆ ಕೂಗಿದ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ.

ಅತ್ತಿಗೆ ಊಟಕ್ಕೆ ಬಡಿಸಿದಳು. ಪಕ್ಕದ ಮನೆಯವಳು ಎಲ್ಲ ವರದಿ ಒಪ್ಪಿಸಿ ಹೋಗಿದ್ದಳೆಂದು ಬಡಿಸುವ ಸದ್ದಿನಿಂದಲೇ ಗೊತ್ತಾಯಿತು.

"ನಾನು ವಿಧವೆಯಾಗಿದ್ದು ನನಗೇ ಗೊತ್ತಿರ್ಲಿಲ್ಲ ನೋಡು," ಎಂದಳು. "ಯಾರಾದ್ರೂ ಒಂದು ಮಾತು ಹೇಳ್ಬಾರ್ದಾ?"

"ಬಿಡೇ," ಎಂದ ಅಣ್ಣ.

"ನಾನ್ಯಾಕೆ ಬಿಡ್ಲಿ? ಏನಪ್ಪಾ, ಆ ಕಥೇಲಿ ನಾನಿದೀನಾ?"

ಅವನು ತಟ್ಟೆ ನೋಡುತ್ತ, "ಇಲ್ಲ ಅತ್ತಿಗೆ," ಎಂದ. ಕಥೆಯ ಅಣ್ಣನಿಗೆ ಮದುವೆಯೇ ಆಗಿರಲಿಲ್ಲ. ಹೆಂಡತಿ ಇದ್ದರೆ ಕುರ್ಚಿ ಅಷ್ಟು ಒಂಟಿಯಾಗಿ ಕಾಣುತ್ತಿರಲಿಲ್ಲ.

"ಸದ್ಯ, ಬದುಕ್ಕೊಂಡೆ," ಎಂದು ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸುರಿದಳು, ಬೇಡ ಎನ್ನುವಷ್ಟರಲ್ಲಿ. ಅವಳು ಅತ್ತಿದ್ದಾಳೆ ಎಂಬುದು ಆಗ, ದೀಪದ ಬೆಳಕು ಮುಖಕ್ಕೆ ಬಿದ್ದಾಗ ಕಂಡಿತು. ಊಟವನ್ನು ಅವನು ಪೂರ್ತಿ ಮಾಡಿದ. ಬಿಟ್ಟು ಏಳುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಅಣ್ಣ ನಿಲ್ದಾಣದ ತನಕ ಚೀಲ ಹೊತ್ತು ಬಂದ. ಮಂಡಿ ನೋವಿಗೆ ಕುಂಟುತ್ತಿದ್ದ, ನಿನ್ನೆ ಸಭೆಗೆ ಹೋಗುವಾಗ ಕುಂಟಿರಲಿಲ್ಲ. ಇವನು ಕಿಟಕಿಯ ಪಕ್ಕ ಕೂತ. ಅಣ್ಣ ಕೆಳಗೆ, ಎಂಜಿನಿನ ಹೊಗೆ ಮುಖಕ್ಕೆ ಬಾರದ ಹಾಗೆ ಒಂದು ಬದಿಗೆ ನಿಂತ. ಪೆಟ್ಟಿಗೆ ಒಂದು ಸಲ ಕೂಗಿತು. ಹೊರಡುವ ಮೊದಲು ಕೇಳದೇ ಇದ್ದರೆ ಮತ್ತೆಂದೂ ಕೇಳಲಾಗುವುದಿಲ್ಲ ಎನ್ನಿಸಿ ಅವನು ಕಿಟಕಿಯ ಸರಳು ಹಿಡಿದುಕೊಂಡು, "ಅಣ್ಣ, ಬೇಜಾರಾಯ್ತಾ?" ಎಂದ. ಕೇಳಿದ ಮೇಲೆ ಅದು ಎಷ್ಟು ಸಣ್ಣ ಮಾತೆಂದು ಅವನಿಗೇ ಅನ್ನಿಸಿತು.

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. ಯಾವುದೋ ಬಸ್ಸಿನ ಹೊತ್ತು ನೆನಪಿಸಿಕೊಳ್ಳುವವನ ಹಾಗೆ.

"ಇಲ್ಲ ಕಣೋ. ಸತ್ತೆ ಅನ್ನೋದು ಇರ್ಲಿ. ಇವತ್ತಲ್ಲ ನಾಳೆ ಸಾಯೋನೇ. ಕುರ್ಚಿ ಗಿರ್ಚಿ ಎಲ್ಲ ಇರ್ಲಿ, ಜನಕ್ಕೆ ಹಿಡಿಸುತ್ತೆ. ವಾಂತಿ ವಿಷ್ಯ ಹೇಳಿಲ್ಲವಲ್ಲ, ಅದೂ ಒಳ್ಳೇದೇ." ಡ್ರೈವರು ಹತ್ತಿ ಬಾಗಿಲು ಎಳೆದುಕೊಂಡ. "ಆ ಕನ್ನಡಕ ಮಾತ್ರ ತೆಗೆದುಬಿಡು, ಪುಟ್ಟ. ಅದು ಅಮ್ಮಂದು. ಪಕ್ಕದಲ್ಲಿ ಕೂತು ಹಾಕಿದೋನು ನಾನು. ನೀನಿರ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಡವಾಗಿದೆ ಎನ್ನುವಾಗ ಅವನಿಗೆ ಯಾವ ದನಿಯಿತ್ತೋ ಅದೇ. ಪೆಟ್ಟಿಗೆ ಎರಡನೆಯ ಸಲ ಕೂಗಿತು, ಬಸ್ಸು ಹೊರಟಿತು. ಗೇಟು ದಾಟುವಾಗ ಅವನು ಕಿವಿಗೊಟ್ಟು ಕೂತಿದ್ದ. ಮೂರನೆಯ ಕೂಗು ಬರಲಿಲ್ಲ. ತಿರುಗಿ ನೋಡಿದರೆ ಅಣ್ಣ ಆಗಲೇ ಬೆನ್ನು ತಿರುಗಿಸಿ ಕುಂಟುತ್ತ ಹೋಗುತ್ತಿದ್ದ.

ಊರು ದಾಟಿತು. ಮನೆಗಳು ಮುಗಿದು ಬಯಲು ಬಂತು, ಗೋದಾಮುಗಳು ಬಂದವು. ಅವನಿಗೆ ಅಳು ಬಂತು; ಸಭೆಯಲ್ಲಿ ಬರುವ ಅಳುವಲ್ಲ, ಮೂಗು ಸೋರುವ, ಮುಖ ಕೆಡಿಸುವ ಅಳು. ಕನ್ನಡಕ ತೆಗೆಯುತ್ತೇನೆ, ಆಣೆಯಾಗಿಯೂ ತೆಗೆಯುತ್ತೇನೆ ಎಂದುಕೊಂಡ. ಆ ಕಥೆಯನ್ನೇ ಬಿಟ್ಟುಬಿಡುತ್ತೇನೆ ಎಂದೂ ಅಂದುಕೊಂಡ. ಸಂಜೆಯ ಸಭೆ ನೆನಪಾಯಿತು. ಕಣ್ಣು ಮುಚ್ಚಿ, ಸುಮ್ಮನೆ ನೋಡೋಣ ಎಂದು, ಕನ್ನಡಕವಿಲ್ಲದೆ ಒಮ್ಮೆ ಹೇಳಿಕೊಂಡ. ಅಣ್ಣ ಸತ್ತ. ನಾನು ಪಕ್ಕದಲ್ಲಿರಲಿಲ್ಲ. ಆ ದಿನ ನಾನೆಲ್ಲಿದ್ದೆ ಗೊತ್ತೇ? ಬದುಕುವುದು ಹೇಗೆಂದು ಜನಕ್ಕೆ ಹೇಳ್ತಾ ಇದ್ದೆ. ಇಲ್ಲಿ ನಿಲ್ಲಿಸಬೇಕು. ಕೆಳಗೆ ನೋಡಬೇಕು. ಥೂ, ಎಂದು ತನಗೆ ತಾನೇ ಉಗಿದುಕೊಂಡ. ತುಟಿ ಮಾತ್ರ ಆಡುತ್ತಲೇ ಇತ್ತು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಪ್ರಯಾಣಿಕ ಬಹಳ ಹೊತ್ತು ನೋಡಿ, ಸಂಕೋಚದಿಂದಲೇ, "ಯಾಕಪ್ಪಾ? ಮನೇಲಿ ಏನಾದ್ರೂ...?" ಎಂದು ಕೇಳಿದ.

"ಅಣ್ಣ ತೀರ್ಕೊಂಡ," ಎಂದ ಅವನು. ಉಸಿರು ಪಕ್ಕಕ್ಕೆ ಬಿಟ್ಟು, ಸ್ವಲ್ಪ ತಡೆದು, "ನಾನು ಪಕ್ಕದಲ್ಲಿರ್ಲಿಲ್ಲ," ಎಂದ.

ಮುದುಕನ ಕಣ್ಣು ತೇವವಾದದ್ದನ್ನು ಅವನು ಗಮನಿಸಿದ.